‘ಅತ್ಯಾಧುನಿಕ’ದ ಹಳೇ ಜಾತಕ

ಅಪಾರ್ಟ್‌ಮೆಂಟಿನಿಂದ ಆಸ್ಪತ್ರೆಯವರೆಗೆ ಈಗ ಎಲ್ಲವೂ ‘ಸ್ಟೇಟ್ ಆಫ್ ದಿ ಆರ್ಟ್’. ಜಂಬಕ್ಕೆ ಬಳಕೆಯಾಗುತ್ತಿರುವ ಈ ಮಾತು ಒಂದು ಕಾಲಕ್ಕೆ ‘ಸದ್ಯಕ್ಕೆ ಇಷ್ಟೇ ಸಾಧ್ಯ’ ಎಂದು ಒಪ್ಪಿಕೊಳ್ಳುವ ಮಾತಾಗಿತ್ತು. ಐಸ್‌ಕ್ರೀಂ ಡಬ್ಬಿ, ಹಟಮಾರಿ ಟರ್ಬೈನ್, ಮುಳುಗಿದ ದೋಣಿ, ಅಜ್ಜಿಯ ಅರಿಶಿನ ಎಲ್ಲವೂ ಅದರ ಜಾತಕದಲ್ಲಿವೆ.

ಒಂದು ಮರದ ಬಕೆಟ್ಟು. ಅದರೊಳಗೆ ತಗಡಿನ ಡಬ್ಬಿ. ಎರಡರ ನಡುವಿನ ಸಂದಿಗೆ ಕುಟ್ಟಿದ ಐಸು, ಅದರ ಮೇಲೆ ಹಿಡಿ ಹಿಡಿ ಕಲ್ಲುಪ್ಪು. ಮೇಲಿನ ಹಿಡಿಕೆ ಹಿಡಿದು ಗರಗರ ತಿರುಗಿಸುತ್ತಿದ್ದರೆ ಡಬ್ಬಿಯೊಳಗಿನ ಹಾಲು, ಸಕ್ಕರೆ, ಕೆನೆ ನಿಧಾನವಾಗಿ ಗಟ್ಟಿಯಾಗುತ್ತದೆ. ತೋಳು ಸೋತು ಹಿಡಿಕೆ ತಿರುಗದಾದಾಗ ಐಸ್‌ಕ್ರೀಂ ಸಿದ್ಧವೆಂದು ಲೆಕ್ಕ.

ಫಿಲಡೆಲ್ಫಿಯಾದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲೇ ಕೈಯಿಂದ ತಿರುಗಿಸುವ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಮೂರು ದಶಕ ಕಳೆಯುವಷ್ಟರಲ್ಲಿ ಐಸ್‌ಕ್ರೀಂ ಡಬ್ಬಿ ಅಮೆರಿಕನ್ನರಿಗೆ ತೀರಾ ಪರಿಚಿತ ವಸ್ತುವಾಗಿತ್ತು.

ಈ ಡಬ್ಬಿ 1875ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಈನಕ್ ಪೈಪರ್ ಎಂಬಾತ ಮೀನು ಕೆಡದಂತೆ ಇಡುವ ವಿಧಾನವೊಂದಕ್ಕೆ 1861ರಲ್ಲಿ ಪೇಟೆಂಟ್ ಪಡೆದಿದ್ದ. ಮುಚ್ಚಿದ ಪೆಟ್ಟಿಗೆಯೊಳಗೆ ಮೀನು, ಅದಕ್ಕೆ ತಾಗದಂತೆ ಬೇರೆ ಪಾತ್ರೆಯಲ್ಲಿ ಐಸು–ಉಪ್ಪಿನ ಮಿಶ್ರಣ. ‘ನನ್ನ ವಿಧಾನ ಕದ್ದಿದ್ದಾರೆ’ ಎಂದು ಬ್ರೌನ್ ಎಂಬವರ ವಿರುದ್ಧ ಅವನು ದೂರು ಕೊಟ್ಟ. ಕೆಳ ನ್ಯಾಯಾಲಯದಲ್ಲಿ ಅವನೇ ಗೆದ್ದಿದ್ದ.

ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಹಾಕಿತು. ಉಪ್ಪು ಬೆರೆಸಿದ ಐಸಿನಿಂದ ಇನ್ನೊಂದು ಪಾತ್ರೆಯೊಳಗಿನ ವಸ್ತುವನ್ನು ತಣಿಸುವುದು ಹೊಸ ವಿದ್ಯೆಯೇನಲ್ಲ, ಐಸ್‌ಕ್ರೀಂ ಡಬ್ಬಿ ಮಾಡುವುದೂ ಅದನ್ನೇ ಎಂದಿತು. ದೇಶಕ್ಕೆಲ್ಲ ಗೊತ್ತಿರುವುದಕ್ಕೆ ನ್ಯಾಯಾಧೀಶರು ಸಾಕ್ಷಿ ಕೇಳುತ್ತ ಕೂರಬೇಕಿಲ್ಲ ಎಂದೂ ಸೇರಿಸಿತು. ಪೇಟೆಂಟ್ ಬಿದ್ದುಹೋಯಿತು.

‘ಬ್ರೌನ್ ವಿರುದ್ಧ ಪೈಪರ್’ ಎಂದು ಹೆಸರಾದ ಆ ತೀರ್ಪಿನಲ್ಲಿ ಒಂದು ನುಡಿಗಟ್ಟಿನ ವಿವರಣೆ ಇದೆ: ‘ಸ್ಟೇಟ್ ಆಫ್ ದಿ ಆರ್ಟ್’. ಹೊಸತು ಎಂದು ಹೇಳಿಕೊಳ್ಳುವ ವಸ್ತು ಹುಟ್ಟುವ ಹೊತ್ತಿಗೆ ಏನೇನು ಹಳತಾಗಿತ್ತು, ಯಾವುದು ಸಾಮಾನ್ಯ ಬಳಕೆಯಲ್ಲಿತ್ತು ಎಂಬುದರ ಪುರಾವೆ ಎಂದು ಕೋರ್ಟು ಅದಕ್ಕೆ ಅರ್ಥ ಕೊಟ್ಟಿತು.

ಇವತ್ತು ಅದೇ ಮಾತನ್ನು ನಾವು ‘ಇದಕ್ಕಿಂತ ಹೊಸತಿಲ್ಲ’ ಎನ್ನಲು ಬಳಸುತ್ತೇವೆ. ಹಳತಿನ ಪಟ್ಟಿ ಹೊಸತಿನ ಬಿರುದಾಯಿತು.

ಜಾಹೀರಾತಿನ ಖಾಯಂ ಗಿರಾಕಿ

ಏಪ್ರಿಲ್ 26 ವಿಶ್ವ ಬೌದ್ಧಿಕ ಆಸ್ತಿ ದಿನ. ವಿಶ್ವ ಬೌದ್ಧಿಕ ಆಸ್ತಿ ಸಂಘಟನೆಯನ್ನು ಕಟ್ಟಿದ ಒಪ್ಪಂದ ಜಾರಿಗೆ ಬಂದದ್ದು 1970ರ ಅದೇ ದಿನ. ಹೊಸ ಶೋಧದ ಬಗ್ಗೆ ಭಾಷಣ, ಬ್ಯಾನರು, ವಿಚಾರ ಸಂಕಿರಣಗಳ ಹಂಗಾಮು ಅದು. ‘ಸ್ಟೇಟ್ ಆಫ್ ದಿ ಆರ್ಟ್’ ಇಲ್ಲದ ಆಹ್ವಾನ ಪತ್ರಿಕೆ ಸಿಗುವುದು ಕಷ್ಟ.

ಪತ್ರಿಕೆಯ ಜಾಹೀರಾತು ಪುಟ ತೆರೆದರೂ ಅಷ್ಟೇ. ಕ್ಲಬ್‌ಹೌಸು, ಹೃದ್ರೋಗ ವಿಭಾಗ, ಎಂಜಿನಿಯರಿಂಗ್ ಕಾಲೇಜಿನ ಲ್ಯಾಬು, ಮಾಡ್ಯುಲರ್ ಕಿಚನ್, ಮದುವೆ ಛತ್ರದ ಜನರೇಟರು ಎಲ್ಲಕ್ಕೂ ಅದೇ ಹಣೆಪಟ್ಟಿ. ಕನ್ನಡದಲ್ಲಾದರೆ ‘ಅತ್ಯಾಧುನಿಕ ಸೌಲಭ್ಯಗಳುಳ್ಳ’.

ಮೂಲದ ‘ಆರ್ಟ್’ಗೆ ಚಿತ್ರ, ಸಂಗೀತದ ಸಂಬಂಧವಿಲ್ಲ. ಅಲ್ಲಿ ಅದರ ಅರ್ಥ ಕಸುಬು, ಕೈಚಳಕ, ಮಾಡುವ ವಿದ್ಯೆ. ನಮಗಿದು ಹೊಸತೂ ಅಲ್ಲ. ವಾತ್ಸ್ಯಾಯನ ಪಟ್ಟಿಮಾಡಿದ ಅರವತ್ನಾಲ್ಕು ಕಲೆಗಳಲ್ಲಿ ಹಾಡು, ಕುಣಿತದ ಪಕ್ಕದಲ್ಲೇ ಮರಗೆಲಸ, ವಾಸ್ತುವಿದ್ಯೆ, ಧಾತುವಾದಗಳೂ ಕೂತಿವೆ. ಬಡಗಿಯದೂ ಕಲೆಯೇ, ಲೋಹ ಕರಗಿಸುವವನದೂ ಕಲೆಯೇ.

ಪಶ್ಚಿಮದಲ್ಲೂ 18ನೇ ಶತಮಾನದಲ್ಲಿ ಇದೇ ಅರ್ಥ ಚಾಲ್ತಿಯಲ್ಲಿತ್ತು. 1787ರ ಅಮೆರಿಕ ಸಂವಿಧಾನ ‘ಉಪಯುಕ್ತ ಕಲೆಗಳ’ ಪ್ರಗತಿಗಾಗಿ ಶೋಧಕರಿಗೆ ನಿಗದಿತ ಅವಧಿಯ ಹಕ್ಕು ಕೊಡಲು ಸಂಸತ್ತಿಗೆ ಅಧಿಕಾರ ನೀಡಿತು. ಅಲ್ಲಿನ ಪೇಟೆಂಟ್ ಕಾನೂನಿನ ಬೇರು ಆ ಸಾಲಿನಲ್ಲಿದೆ. 1794ರಲ್ಲಿ ಪ್ಯಾರಿಸ್ಸಿನಲ್ಲಿ ಯಂತ್ರಗಳ ಸಂಗ್ರಹ ಮತ್ತು ಬೋಧನೆಗಾಗಿ ಹುಟ್ಟಿದ ಸಂಸ್ಥೆಯ ಹೆಸರಿನಲ್ಲೂ ‘ಕಲೆ ಮತ್ತು ಕಸುಬು’ ಎಂದೇ ಇದೆ.

ಹಾಗಾಗಿ ‘ಸ್ಟೇಟ್ ಆಫ್ ದಿ ಆರ್ಟ್’ ಎಂದರೆ ಒಂದು ಕಸುಬು ಇವತ್ತಿಗೆ ಎಲ್ಲಿಗೆ ಬಂದು ನಿಂತಿದೆ ಎಂಬ ವರದಿ.

‘ಸದ್ಯಕ್ಕೆ ಇಷ್ಟೇ’ ಎಂದ ಎಂಜಿನಿಯರ್

ಕೋರ್ಟಿನ ಈ ಮಾತನ್ನು ಎಂಜಿನಿಯರುಗಳು ಹೇಗೆ ಬಳಸುತ್ತಿದ್ದರು ಎನ್ನುವುದಕ್ಕೆ ಹೆಚ್ಚಾಗಿ ಉಲ್ಲೇಖವಾಗುವ ಉದಾಹರಣೆ 1910ರದು. ಹೆನ್ರಿ ಹ್ಯಾರಿಸನ್ ಸಪ್ಲೀ ಎಂಬ ಅಮೆರಿಕನ್ ಎಂಜಿನಿಯರ್ ‘ದಿ ಗ್ಯಾಸ್ ಟರ್ಬೈನ್’ ಎಂಬ ಪುಸ್ತಕ ಬರೆದ. ಕಸುಬಿನ ಈಗಿನ ಸ್ಥಿತಿಯಲ್ಲಿ ಇದಕ್ಕಿಂತ ಹೆಚ್ಚು ಮಾಡಲಾಗದು ಎಂಬ ಧಾಟಿಯಲ್ಲಿ ಅವನು ಅದನ್ನು ಬಳಸಿದ್ದಾನೆ.

ಅವನು ಹಾಗೆ ಕೈಚೆಲ್ಲಿದ್ದಕ್ಕೆ ಕಾರಣವಿತ್ತು. ಗ್ಯಾಸ್ ಟರ್ಬೈನಿನ ತತ್ವ ಕೇಳಲು ಸರಳ. ಗಾಳಿಯನ್ನು ಒತ್ತಿ ಹಿಂಡು, ಅದರಲ್ಲಿ ಇಂಧನ ಉರಿಸು, ಉಕ್ಕುವ ಬಿಸಿ ಅನಿಲದಿಂದ ಚಕ್ರ ತಿರುಗಿಸು. ತೊಡಕೆಂದರೆ ಗಾಳಿ ಹಿಂಡುವ ಕಂಪ್ರೆಸರ್ ಕೂಡ ಅದೇ ಚಕ್ರದ ಶಕ್ತಿಯಿಂದಲೇ ತಿರುಗಬೇಕು. ಆಗಿನ ಕಂಪ್ರೆಸರುಗಳು ಹುಟ್ಟಿದ ಶಕ್ತಿಯಲ್ಲಿ ಬಹುಪಾಲನ್ನು ತಾವೇ ನುಂಗಿ ಹಾಕುತ್ತಿದ್ದವು. ಅನಿಲವನ್ನು ಇನ್ನಷ್ಟು ಕಾಯಿಸೋಣವೆಂದರೆ ಚಕ್ರದ ಅಲಗುಗಳ ಲೋಹ ತಡೆಯುತ್ತಿರಲಿಲ್ಲ.

ನಾರ್ವೆಯ ಏಗಿಡಿಯಸ್ ಎಲ್ಲಿಂಗ್ 1903ರಲ್ಲಿ ತನ್ನ ಯಂತ್ರದಿಂದ ಖರ್ಚು ಕಳೆದು ಉಳಿಸಿದ ಶಕ್ತಿ ಬರೀ 11 ಅಶ್ವಶಕ್ತಿ. ಆದರೂ ಅದೊಂದು ಸಾಧನೆಯೇ ಆಗಿತ್ತು. ಸಪ್ಲೀ ಪುಸ್ತಕ ಬರೆದದ್ದು ಈ ಹಿನ್ನೆಲೆಯಲ್ಲಿ.

ಆ ‘ಇಷ್ಟೇ’ ಮುಂದೆ ಸರಿಯಲು ಮೂರು ದಶಕ ಬೇಕಾಯಿತು. 1939ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಪಟ್ಟಣಕ್ಕಾಗಿ ಬ್ರೌನ್ ಬೊವೆರಿ ಕಂಪನಿ 4,000 ಕಿಲೊವಾಟ್‌ನ ಗ್ಯಾಸ್ ಟರ್ಬೈನ್ ಮಾಡಿಕೊಟ್ಟಿತು. ಅದರ ದಕ್ಷತೆ ಶೇ 17ರ ಆಸುಪಾಸು. ಅದೇ ವರ್ಷದ ಆಗಸ್ಟ್ 27ರಂದು ಜರ್ಮನಿಯಲ್ಲಿ ಹೈಂಕೆಲ್ ಹಿ–178 ವಿಮಾನ ಗ್ಯಾಸ್ ಟರ್ಬೈನಿನದೇ ಒಂದು ರೂಪವಾದ ಜೆಟ್ ಎಂಜಿನಿನ ಬಲದಿಂದ ಹಾರಿತು. ಇಂದು ಗ್ಯಾಸ್ ಮತ್ತು ಹಬೆ ಟರ್ಬೈನುಗಳನ್ನು ಜೋಡಿಸಿದ ವಿದ್ಯುತ್ ಸ್ಥಾವರಗಳಲ್ಲಿ ಉತ್ತಮವಾದವು ಶೇ 60ರ ಗಡಿ ದಾಟಿವೆ.

ಈ ಹಟಮಾರಿ ಯಂತ್ರದ ಜತೆ ಬೆಂಗಳೂರೂ ಹೆಣಗುತ್ತಿದೆ. ಇಲ್ಲಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ ಯುದ್ಧವಿಮಾನದ ‘ಕಾವೇರಿ’ ಎಂಜಿನ್ ಯೋಜನೆ ಮಂಜೂರಾದದ್ದು 1989ರಲ್ಲಿ. ಅದು ಕೂರಬೇಕಿದ್ದ ‘ತೇಜಸ್’ ವಿಮಾನ 2001ರ ಜನವರಿ 4ರಂದು ಮೊದಲ ಬಾರಿ ಹಾರಿದಾಗ ಅದರ ಹೊಟ್ಟೆಯಲ್ಲಿದ್ದದ್ದು ಅಮೆರಿಕದ ಎಂಜಿನ್. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು.

ಸಮಸ್ಯೆ ಸಪ್ಲೀ ಕಾಲದ್ದೇ, ಮಟ್ಟ ಮಾತ್ರ ಬೇರೆ. ಇಂದಿನ ಜೆಟ್ ಎಂಜಿನಿನ ಒಳ ಅಲಗುಗಳು ತಮ್ಮ ಲೋಹದ ಕರಗುಬಿಂದುವಿಗಿಂತ ಹೆಚ್ಚು ಬಿಸಿಯ ಅನಿಲದ ನಡುವೆ ತಿರುಗಬೇಕು. ಅದಕ್ಕೆಂದೇ ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಒಳಗೆ ಸಣ್ಣ ಸಣ್ಣ ಕೊಳವೆಗಳನ್ನು ಬಿಟ್ಟು ಗಾಳಿ ಹಾಯಿಸಿ ತಣಿಸುತ್ತಾರೆ. ಬಲ್ಲ ದೇಶಗಳು ಈ ವಿದ್ಯೆಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ‘ಸ್ಟೇಟ್ ಆಫ್ ದಿ ಆರ್ಟ್’ ಪ್ರತಿ ದೇಶಕ್ಕೂ ಒಂದೇ ಆಗಿರುವುದಿಲ್ಲ.

■ ಅಲಗಿನ ಬಳಗ

ಕಟಿಂಗ್ ಎಡ್ಜ್: ಕತ್ತಿ, ಉಳಿ, ಕೊಡಲಿಯ ಕೊಯ್ಯುವ ಅಂಚು. ಮೊದಲು ಒಳಹೊಗುವುದು ಅದೇ ಆದ್ದರಿಂದ ‘ಎಲ್ಲರಿಗಿಂತ ಮುಂದಿರುವ’ ಎಂಬ ಅರ್ಥ.

ಲೀಡಿಂಗ್ ಎಡ್ಜ್: ಪ್ರೊಪೆಲರ್ ಅಥವಾ ವಿಮಾನದ ರೆಕ್ಕೆಯಲ್ಲಿ ಗಾಳಿಗೆ ಮೊದಲು ಎದುರಾಗುವ ಮುಂದಂಚು.

ಬ್ಲೀಡಿಂಗ್ ಎಡ್ಜ್: ಮೇಲಿನೆರಡನ್ನು ಗೇಲಿ ಮಾಡಿ 1980ರ ದಶಕದಲ್ಲಿ ಚಾಲ್ತಿಗೆ ಬಂದ ಮಾತು. ತೀರಾ ಹೊಸ ತಂತ್ರಜ್ಞಾನವನ್ನು ಪಳಗುವ ಮೊದಲೇ ಕೊಂಡವರ ಕೈಯಲ್ಲಿ ನೆತ್ತರು.

ವಿಶೇಷಣವಾದ ಬಗೆ

ಇಂಗ್ಲಿಷಿನಲ್ಲಿ ಇದು ಬಹುಕಾಲ ನಾಮಪದವಾಗಿತ್ತು. ಪದಗಳ ನಡುವೆ ಅಡ್ಡಗೆರೆ ಹಾಕಿಸಿಕೊಂಡು ವಿಶೇಷಣವಾದದ್ದು 20ನೇ ಶತಮಾನದ ಮಧ್ಯಭಾಗದಲ್ಲಿ. ಎರಡನೇ ಮಹಾಯುದ್ಧ ಮುಗಿದು ಕ್ಷಿಪಣಿ, ರೇಡಾರ್, ಕಂಪ್ಯೂಟರುಗಳ ಪೈಪೋಟಿ ಬಿರುಸಾಗಿದ್ದ ಕಾಲ ಅದು.

ಆಮೇಲೆ ಸ್ಟೀರಿಯೊ, ಟಿ.ವಿ., ಕಾರು ಮಾರುವವರು ಅದನ್ನು ಎತ್ತಿಕೊಂಡರು. ‘ಇಲ್ಲಿಯವರೆಗೆ ಬಂದಿದ್ದೇವೆ’ ಎಂಬುದರಲ್ಲಿದ್ದ ‘ಇಲ್ಲಿಯವರೆಗೆ’ ಉದುರಿಹೋಯಿತು. ವರದಿಗೆ ದಿನಾಂಕ ಬೇಕು, ಬಿರುದಿಗೆ ಬೇಡ. ಹತ್ತು ವರ್ಷದ ಹಿಂದೆ ಅಚ್ಚಾದ ಬ್ರೋಷರಿನಲ್ಲೂ ಅದೇ ಯಂತ್ರ ‘ಸ್ಟೇಟ್ ಆಫ್ ದಿ ಆರ್ಟ್’, ಈ ವರ್ಷದ್ದರಲ್ಲೂ ಅದೇ.

ಅಮೆರಿಕದ ಕೋರ್ಟುಗಳು ಇಂಥ ಮಾತುಗಳನ್ನು ಬಹುಮಟ್ಟಿಗೆ ವ್ಯಾಪಾರಿಯ ಹೊಗಳಿಕೆ ಎಂದೇ ಪರಿಗಣಿಸುತ್ತ ಬಂದಿವೆ. ಅಳೆಯಲಾಗದ ಮಾತನ್ನು ಸುಳ್ಳೆಂದು ಸಾಬೀತು ಮಾಡುವುದು ಹೇಗೆ? ‘ಶೇ 40ರಷ್ಟು ಕಡಿಮೆ ವಿದ್ಯುತ್’ ಎಂದರೆ ಲೆಕ್ಕ ಕೇಳಬಹುದು. ‘ಅತ್ಯಾಧುನಿಕ’ ಎಂದರೆ ಏನು ಕೇಳುವುದು? ಜಾಹೀರಾತಿನವರಿಗೆ ಅದು ಇಷ್ಟವಾಗುವುದೂ ಇದಕ್ಕೇ.

ಜಂಬ ಸಾಲದ ಜಾಗ

ಜಾಹೀರಾತಿನಲ್ಲಿ ಹಲ್ಲು ಕಳೆದುಕೊಂಡ ಈ ಮಾತು ಕಾನೂನಿನ ಪುಸ್ತಕದಲ್ಲಿ ಮಾತ್ರ ಇನ್ನೂ ಕಚ್ಚುತ್ತದೆ.

1928ರ ಮಾರ್ಚ್. ಕಲ್ಲಿದ್ದಲು ತುಂಬಿದ ಬಾರ್ಜುಗಳನ್ನು ಎಳೆದುಕೊಂಡು ‘ಟಿ.ಜೆ. ಹೂಪರ್’ ಮತ್ತು ‘ಮಾಂಟ್ರೋಸ್’ ಎಂಬ ಎರಡು ಟಗ್ ದೋಣಿಗಳು ವರ್ಜೀನಿಯಾದಿಂದ ನ್ಯೂಯಾರ್ಕಿನತ್ತ ಹೊರಟಿದ್ದವು. ನ್ಯೂಜೆರ್ಸಿ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಎರಡು ಬಾರ್ಜುಗಳು ಮುಳುಗಿದವು. ಬಿರುಗಾಳಿಯ ಮುನ್ಸೂಚನೆ ರೇಡಿಯೊದಲ್ಲಿ ಬಿತ್ತರವಾಗಿತ್ತು. ಈ ಎರಡು ಟಗ್‌ಗಳಲ್ಲಿ ಕೆಲಸ ಮಾಡುವ ರೇಡಿಯೊ ಇರಲಿಲ್ಲ.

‘ನಮ್ಮ ದಂಧೆಯಲ್ಲಿ ಎಲ್ಲರೂ ರೇಡಿಯೊ ಇಟ್ಟುಕೊಳ್ಳುವುದಿಲ್ಲ’ ಎಂದರು ಮಾಲೀಕರು. 1932ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಅದನ್ನು ಒಪ್ಪಲಿಲ್ಲ. ಕಡಿಮೆ ಬೆಲೆಗೆ, ನಂಬುವಂಥ ರೇಡಿಯೊ ಸಿಗುತ್ತಿರುವಾಗ ಇಡೀ ದಂಧೆಯೇ ಅದನ್ನು ಕೊಳ್ಳದೆ ಹಿಂದೆ ಬಿದ್ದಿರಬಹುದು, ಎಲ್ಲರೂ ಮಾಡುತ್ತಿಲ್ಲ ಎಂಬುದು ರಕ್ಷಣೆಯಲ್ಲ ಎಂಬುದು ತೀರ್ಪಿನ ಸಾರ. ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದುವ ಪ್ರಕರಣವಿದು.

ಇದರ ಇನ್ನೊಂದು ಮಗ್ಗುಲೂ ಇದೆ. ‘ನಾವು ಈ ವಸ್ತು ಮಾರಿದಾಗ ಅಪಾಯವಿದೆಯೆಂದು ಜಗತ್ತಿಗೇ ಗೊತ್ತಿರಲಿಲ್ಲ’ ಎನ್ನುವುದು ಕಂಪನಿಗಳ ಹಳೆಯ ವಾದ. ಅದನ್ನು ‘ಸ್ಟೇಟ್ ಆಫ್ ದಿ ಆರ್ಟ್ ರಕ್ಷಣೆ’ ಎಂದೇ ಕರೆಯುತ್ತಾರೆ. 1982ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಆಸ್ಬೆಸ್ಟಾಸ್ ಕಂಪನಿಗಳ ಆ ವಾದವನ್ನು ತಳ್ಳಿಹಾಕಿತು. ಯುರೋಪ್ ಮಾತ್ರ 1985ರ ತನ್ನ ಉತ್ಪನ್ನ ಹೊಣೆಗಾರಿಕೆ ನಿರ್ದೇಶನದಲ್ಲಿ ಅಂಥ ರಕ್ಷಣೆಗೆ ಜಾಗ ಬಿಟ್ಟಿತು.

ಭಾರತದ ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿ ನಿಲುವು ತಳೆಯಿತು. ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ 1986ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ನೇತೃತ್ವದ ಪೀಠ ತೀರ್ಪು ಕೊಟ್ಟಿತು. ಅಪಾಯಕಾರಿ ಉದ್ಯಮ ನಡೆಸುವವರು ಎಷ್ಟೇ ಎಚ್ಚರ ವಹಿಸಿದ್ದರೂ ಅನಾಹುತಕ್ಕೆ ಪೂರ್ಣ ಹೊಣೆಗಾರರು ಎಂದಿತು.

■ ಜರ್ಮನಿಯ ಮೂರು ಮೆಟ್ಟಿಲು

ಕಾಲ್ಕರ್ ಎಂಬಲ್ಲಿನ ಪರಮಾಣು ಸ್ಥಾವರದ ಪ್ರಕರಣದಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 1978ರಲ್ಲಿ ‘ಆಧುನಿಕ’ಕ್ಕೆ ಮೂರು ಮೆಟ್ಟಿಲು ಹಾಕಿಕೊಟ್ಟಿತು.

1. ಕಸುಬಿನವರೆಲ್ಲ ಒಪ್ಪಿ ಬಳಸುತ್ತಿರುವ ನಿಯಮಗಳು.

2. ತಂತ್ರಜ್ಞಾನದ ಮುಂಚೂಣಿ. ಎಲ್ಲರೂ ಬಳಸುತ್ತಿರಬೇಕೆಂದಿಲ್ಲ.

3. ವಿಜ್ಞಾನ ಮತ್ತು ತಂತ್ರಜ್ಞಾನದ ಮುಂಚೂಣಿ. ವಿಜ್ಞಾನ ಬೇಕೆನ್ನುವ ಸುರಕ್ಷತೆಯನ್ನು ತಂತ್ರಜ್ಞಾನ ಒದಗಿಸಲಾರದಿದ್ದರೆ ಪರವಾನಗಿಯೇ ಇಲ್ಲ.

ಪರಮಾಣು ಸ್ಥಾವರಕ್ಕೆ ಮೂರನೆಯದೇ ಅನ್ವಯ. ಕಾಲ್ಕರ್ ರಿಯಾಕ್ಟರ್ 1985ರಲ್ಲಿ ಕಟ್ಟಿ ಮುಗಿಯಿತು. ಒಂದು ದಿನವೂ ವಿದ್ಯುತ್ ಕೊಡಲಿಲ್ಲ. 1991ರಲ್ಲಿ ಯೋಜನೆ ಕೈಬಿಡಲಾಯಿತು. ಈಗ ಅದು ಮನರಂಜನಾ ಪಾರ್ಕ್.

ಅಜ್ಜಿಯ ಅರಿಶಿನಕ್ಕೆ ಪುರಾವೆ ಎಲ್ಲಿ?

ಮತ್ತೆ ಪೇಟೆಂಟಿಗೆ ಬರೋಣ. ಭಾರತೀಯರಿಗೆ ಈ ಮಾತಿನ ಬಿಸಿ ತಟ್ಟಿದ್ದು ಅಲ್ಲಿಯೇ.

1995ರ ಮಾರ್ಚಿನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಪೇಟೆಂಟ್ ಕೊಟ್ಟಿತು. ಪಡೆದದ್ದು ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ. ಶೋಧಕರೆಂದು ಹೆಸರಿದ್ದ ಇಬ್ಬರೂ ಭಾರತೀಯ ಮೂಲದವರು.

ಇಲ್ಲಿ ಕೋಲಾಹಲವೆದ್ದಿತು. ಮಂಡಿ ತರಚಿದ ಮಗುವಿಗೆ ಅರಿಶಿನ ಒತ್ತದ ಮನೆ ಈ ದೇಶದಲ್ಲಿ ಯಾವುದಿದೆ? ಐಸ್‌ಕ್ರೀಂ ಡಬ್ಬಿಯಂತೆ ಇದೂ ಎಲ್ಲರಿಗೂ ಗೊತ್ತಿದ್ದದ್ದೇ ಅಲ್ಲವೇ?

ಅಮೆರಿಕದ ಆಗಿನ ಕಾನೂನಿನ ಪ್ರಕಾರ ಅಲ್ಲ. ಅಮೆರಿಕದೊಳಗಿನ ಬಳಕೆ, ತಿಳಿವಳಿಕೆ ಲೆಕ್ಕಕ್ಕೆ ಬರುತ್ತಿತ್ತು. ಬೇರೆ ದೇಶದ್ದಾದರೆ ಅದು ಪೇಟೆಂಟ್ ಆಗಿರಬೇಕು ಇಲ್ಲವೇ ಅಚ್ಚಾಗಿರಬೇಕು. ಬಾಯಿಂದ ಬಾಯಿಗೆ ಬಂದ ಮನೆಮದ್ದು ಅಲ್ಲಿನ ‘ಸ್ಟೇಟ್ ಆಫ್ ದಿ ಆರ್ಟ್’ನಲ್ಲಿ ಇರಲೇ ಇಲ್ಲ.

ಆರ್.ಎ. ಮಾಶೇಲ್ಕರ್ ನೇತೃತ್ವದಲ್ಲಿದ್ದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) 1996ರಲ್ಲಿ ಮರುಪರಿಶೀಲನೆಗೆ ಅರ್ಜಿ ಹಾಕಿತು. ಸಂಸ್ಕೃತದ ಹಳೆಯ ಗ್ರಂಥಗಳನ್ನು ಹುಡುಕಿ ತೆಗೆಯಲಾಯಿತು. ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾದ ಲೇಖನವೂ ಸಿಕ್ಕಿತು. 1997ರಲ್ಲಿ ಪೇಟೆಂಟ್ ಕಚೇರಿ ತನ್ನ ನಿರ್ಧಾರ ಬದಲಿಸಿತು. ಅರಿಶಿನವನ್ನು ಉಳಿಸಿದ್ದು ಅದರ ಬಗ್ಗೆ ಅಚ್ಚಾಗಿದ್ದ ಕಾಗದ.

ಬೇವಿನ ಕಥೆ ನಡೆದದ್ದು ಯುರೋಪಿನಲ್ಲಿ. ಬೇವಿನೆಣ್ಣೆಯಿಂದ ಶಿಲೀಂಧ್ರ ನಿಯಂತ್ರಿಸುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು.ಆರ್. ಗ್ರೇಸ್ ಕಂಪನಿಗೆ 1994ರಲ್ಲಿ ಯುರೋಪಿಯನ್ ಪೇಟೆಂಟ್ ಸಿಕ್ಕಿತ್ತು. ಈ ಕಂಪನಿಯ ಹೆಸರು ನಮಗೆ ದೂರದ್ದಲ್ಲ. ಅದರ ಸಹಭಾಗಿತ್ವದಲ್ಲಿ ಬೇವಿನ ಬೀಜ ಸಂಸ್ಕರಿಸುವ ಘಟಕವಿದ್ದದ್ದು ನಮ್ಮ ತುಮಕೂರಿನಲ್ಲಿ.

ಪರಿಸರ ಹೋರಾಟಗಾರ್ತಿ ವಂದನಾ ಶಿವ, ಯುರೋಪ್ ಸಂಸತ್ತಿನ ಸದಸ್ಯೆಯಾಗಿದ್ದ ಮಾಗ್ಡಾ ಆಲ್ವೂಟ್ ಮತ್ತು ಸಾವಯವ ಕೃಷಿ ಚಳವಳಿಗಳ ಅಂತರರಾಷ್ಟ್ರೀಯ ಒಕ್ಕೂಟ ಆಕ್ಷೇಪ ಸಲ್ಲಿಸಿದರು. ಯುರೋಪಿನ ಪೇಟೆಂಟ್ ಒಡಂಬಡಿಕೆಯ ವ್ಯಾಖ್ಯೆ ಅಮೆರಿಕದ್ದಕ್ಕಿಂತ ಉದಾರ. ಅರ್ಜಿ ಹಾಕುವ ದಿನಕ್ಕೆ ಮೊದಲು ಜಗತ್ತಿನ ಯಾವ ಮೂಲೆಯಲ್ಲಾದರೂ ಬರವಣಿಗೆಯಿಂದ, ಮಾತಿನಿಂದ, ಬಳಕೆಯಿಂದ ಬಹಿರಂಗವಾದದ್ದೆಲ್ಲ ಅಲ್ಲಿ ‘ಸ್ಟೇಟ್ ಆಫ್ ದಿ ಆರ್ಟ್’. ಹೀಗಾಗಿ ಭಾರತದ ಕಾರ್ಖಾನೆಯೊಂದರಲ್ಲಿ ಬೇವಿನ ಸಾರ ತೆಗೆಯುತ್ತಿದ್ದ ಅನುಭವವನ್ನೇ ಸಾಕ್ಷ್ಯವಾಗಿ ಮುಂದಿಡಲಾಯಿತು. 2000ದಲ್ಲಿ ಪೇಟೆಂಟ್ ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ವಜಾ ಆಯಿತು.

ಅಟ್ಲಾಂಟಿಕ್ ಸಾಗರದ ಎರಡು ದಂಡೆಗಳಲ್ಲಿ ಎರಡು ಅಳತೆ. ಅಮೆರಿಕ ತನ್ನ ಭೌಗೋಳಿಕ ಬೇಲಿಯನ್ನು ತೆಗೆದದ್ದು 2011ರ ತಿದ್ದುಪಡಿಯಲ್ಲಿ. ಅದು ಜಾರಿಗೆ ಬಂದದ್ದು 2013ರ ಮಾರ್ಚಿನಲ್ಲಿ.

■ ಮನೆಮದ್ದಿನ ಡಿಜಿಟಲ್ ಕೋಟೆ

ಅರಿಶಿನ, ಬೇವುಗಳ ಪಾಠದಿಂದ ಹುಟ್ಟಿದ್ದು ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ. ಸಿಎಸ್‌ಐಆರ್ ಮತ್ತು ಈಗಿನ ಆಯುಷ್ ಸಚಿವಾಲಯ ಸೇರಿ 2001ರಲ್ಲಿ ಆರಂಭಿಸಿದ್ದು. ಆಯುರ್ವೇದ, ಯುನಾನಿ, ಸಿದ್ಧ, ಯೋಗ ಗ್ರಂಥಗಳ ಮಾಹಿತಿ ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿದೆ. ವಿದೇಶಿ ಪೇಟೆಂಟ್ ಪರಿಶೀಲಕರು ‘ಇದು ಮೊದಲೇ ಗೊತ್ತಿತ್ತೇ?’ ಎಂದು ಹುಡುಕಲೆಂದೇ ಇದು. ಯುರೋಪಿನ ಪೇಟೆಂಟ್ ಕಚೇರಿಗೆ 2009ರಲ್ಲಿ ಇದರ ಬಾಗಿಲು ತೆರೆಯಿತು.

ಮಿರ್ಜಾಪುರದ ಪಾತ್ರೆ, ದೆಹಲಿಯ ತೀರ್ಪು

ನಮ್ಮದೇ ಸುಪ್ರೀಂ ಕೋರ್ಟಿನ ಐಸ್‌ಕ್ರೀಂ ಡಬ್ಬಿ ಎಂದರೆ ಮಿರ್ಜಾಪುರದ ಪಾತ್ರೆ. ಹಿತ್ತಾಳೆ ಪಾತ್ರೆಯನ್ನು ಲೇತ್ ಯಂತ್ರದಲ್ಲಿ ತಿರುಗಿಸಿ ಹೆರೆಯುವಾಗ ಅದು ಜಾರದಂತೆ ಹಿಡಿದಿಡುವ ಸಾಧನವೊಂದಕ್ಕೆ ಅಲ್ಲಿನ ಸಂಸ್ಥೆಯೊಂದು 1950ರ ದಶಕದಲ್ಲಿ ಪೇಟೆಂಟ್ ಪಡೆದಿತ್ತು. ಪ್ರತಿಸ್ಪರ್ಧಿಗಳ ಜತೆಗಿನ ಜಗಳ ದೆಹಲಿ ಮುಟ್ಟಿತು.

1978ರಲ್ಲಿ ತೀರ್ಪು ಬಂತು. ಮೊದಲೇ ಇದ್ದ ಲೇತ್‌ನ ಬಿಡಿಭಾಗಕ್ಕೆ ಸಣ್ಣ ಬದಲಾವಣೆ ಮಾಡುವುದು ನುರಿತ ಕೆಲಸಗಾರನಿಗೆ ತಾನಾಗಿಯೇ ಹೊಳೆಯುವ ವರ್ಕ್‌ಶಾಪ್ ಸುಧಾರಣೆ, ಶೋಧವೆನಿಸಲು ಅದಕ್ಕಿಂತ ಹೆಚ್ಚಿನದು ಬೇಕು ಎಂದಿತು ಕೋರ್ಟು. ಪೇಟೆಂಟ್ ಉಳಿಯಲಿಲ್ಲ. ಭಾರತದ ಪೇಟೆಂಟ್ ವಕೀಲರು ಇಂದಿಗೂ ಎತ್ತಿ ಹೇಳುವ ತೀರ್ಪು ಇದು.

ಪೇಟೆಂಟ್ ಪರಿಶೀಲಕ ‘ಸ್ಟೇಟ್ ಆಫ್ ದಿ ಆರ್ಟ್’ ಎಂದಾಗ ಅವನ ಮುಂದೆ ಒಂದು ದಿನಾಂಕವಿರುತ್ತದೆ, ಹಿಂದೆ ದಾಖಲೆಗಳ ರಾಶಿಯಿರುತ್ತದೆ. ಸಪ್ಲೀ ಬರೆದಾಗ ಒಂದು ಯಂತ್ರದ ಮಿತಿ ಕಣ್ಣೆದುರಿಗಿತ್ತು. ಬ್ರೋಷರಿನವರ ಬಳಿ ಇವಾವುವೂ ಇಲ್ಲ. ನಾವು ಕಲಿತಿರುವುದು ಈ ಮೂರನೆಯವರಿಂದ. ಮೊದಲಿಬ್ಬರಿಂದ ಕಲಿತಿದ್ದರೆ ನಮ್ಮ ಜೇಬಿಗೂ ಆರೋಗ್ಯಕ್ಕೂ ಒಳ್ಳೆಯದಿತ್ತು.

ಈಗಲೂ ತಡವಾಗಿಲ್ಲ. ‘ಅತ್ಯಾಧುನಿಕ’ ಸ್ಕ್ಯಾನಿಂಗ್ ಯಂತ್ರ ಎಂದವರನ್ನು ಅದರ ಮಾದರಿ ಯಾವುದು, ತಯಾರಾದ ವರ್ಷ ಯಾವುದು ಎಂದು ಕೇಳಿ. ‘ಅತ್ಯಾಧುನಿಕ’ ಲ್ಯಾಬಿದೆ ಎನ್ನುವ ಕಾಲೇಜಿಗೆ ಮಗನನ್ನೋ ಮಗಳನ್ನೋ ಸೇರಿಸುವ ಮುನ್ನ ಲ್ಯಾಬಿನ ಬಾಗಿಲು ತೆರೆಸಿ ನೋಡಿ. ‘ಅತ್ಯಾಧುನಿಕ’ ಅಗ್ನಿಶಾಮಕ ವ್ಯವಸ್ಥೆ ಎಂದ ಬಿಲ್ಡರ್‌ಗೆ ಕೊನೆಯ ಬಾರಿ ತಪಾಸಣೆ ನಡೆದ ದಿನಾಂಕ ತೋರಿಸಲು ಹೇಳಿ. ತೋರಿಸಲಾರದವರ ಬ್ರೋಷರನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬನ್ನಿ.